ಕೋಚ್ ಉತ್ತರ ಹೇಳುವುದಿಲ್ಲ, ಹಾಗಾದರೆ ದುಡ್ಡು ಯಾಕೆ ಕೊಡಬೇಕು?

ನಮ್ಮ ಕಡೆ ಕೋಚಿಂಗ್ ಅಂದ ಕೂಡಲೇ ನೆನಪಾಗುವುದು ಪಿಯುಸಿ, ಸಿಇಟಿ, ನೀಟ್. ಅಲ್ಲಿ ಪಾಠ ಮಾಡುವವರಿರುತ್ತಾರೆ, ನೋಟ್ಸ್ ಇರುತ್ತದೆ, ಕೊನೆಗೆ ಒಂದು ರ‍್ಯಾಂಕ್ ಬರುತ್ತದೆ. ಹಾಗಾಗಿ ‘ಲೈಫ್ ಕೋಚ್’ ಅಂತ ಕೇಳಿದಾಗ, ಬದುಕುವುದನ್ನೂ ಯಾರೋ ಪಾಠ ಮಾಡುತ್ತಾರೇನೋ ಅನಿಸುವುದು ಸಹಜ. ಹಾಗೆ ಅಂದುಕೊಂಡು ಹೋದವರು ಮೊದಲ ಭೇಟಿಯಲ್ಲೇ ಗಲಿಬಿಲಿಯಾಗುತ್ತಾರೆ. ಎದುರಿಗೆ ಕೂತವರು ಪಾಠ ಮಾಡುವುದಿಲ್ಲ. ‘ಹೀಗೆ ಮಾಡಿ’ ಅನ್ನುವುದೂ ಇಲ್ಲ. ಒಂದು ಪ್ರಶ್ನೆ ಕೇಳುತ್ತಾರೆ, ಸುಮ್ಮನಾಗುತ್ತಾರೆ, ಮತ್ತೊಂದು ಕೇಳುತ್ತಾರೆ.

ಉತ್ತರ ಹೇಳದವರಿಗೆ ದುಡ್ಡು ಯಾಕೆ ಕೊಡಬೇಕು? ಈ ಪ್ರಶ್ನೆ ಸರಿಯಾಗಿಯೇ ಇದೆ. ಉಪದೇಶ ನಮ್ಮಲ್ಲಿ ಬಿಟ್ಟಿ ಸಿಗುತ್ತದೆ. ಚಿಕ್ಕಪ್ಪ ಹೇಳುತ್ತಾರೆ, ಪಕ್ಕದ ಮನೆಯ ಆಂಟಿ ಹೇಳುತ್ತಾರೆ, ಬಸ್ಸಿನಲ್ಲಿ ಪರಿಚಯವಾದವರೂ ಹೇಳುತ್ತಾರೆ. ಆದರೂ ನಾವು ಬದಲಾಗಬೇಕು ಅಂದುಕೊಂಡ ವಿಷಯ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ, ಅಲ್ವಾ? ಕೋಚ್ ಕೆಲಸ ಶುರುವಾಗುವುದು ಆ ಜಾಗದಿಂದ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ವಿವರಿಸಲು ಕಟ್ಟಿಕೊಂಡದ್ದು, ಆದರೆ ಇಂಥವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಶಿವಮೊಗ್ಗದಲ್ಲಿ 47 ವರ್ಷದ ಒಬ್ಬ ಮಹಿಳೆ. ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ. ಮಕ್ಕಳಿಬ್ಬರೂ ಓದಲು ಹೊರಗಿದ್ದಾರೆ. ತಾಯಿ ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ಒಬ್ಬರೇ ಇದ್ದಾರೆ. ಮನೆಯಲ್ಲಿ ಕಾರಿದೆ, ಇವರಿಗೆ ಲೈಸೆನ್ಸೂ ಇದೆ. ಆದರೆ ಗಂಡನಿಗೆ ಬಿಡುವಾದಾಗ ಮಾತ್ರ ತವರಿಗೆ ಹೋಗುವುದು.

ಮೊದಲ ದಿನ ಇವರು ಕೋಚ್ ಹತ್ತಿರ ಹೇಳುವ ಮಾತು ಇಷ್ಟೇ: ‘ಮೇಡಂ, ನನಗೆ ಕಾನ್ಫಿಡೆನ್ಸ್ ಜಾಸ್ತಿ ಆಗ್ಬೇಕು.’

‘ಸರಿ. ಜಾಸ್ತಿ ಆಯ್ತು ಅಂತಾನೇ ಇಟ್ಕೊಳ್ಳಿ. ಮೂರು ತಿಂಗಳು ಕಳೀತು. ಎರಡನೇ ಶನಿವಾರ, ನಿಮಗೆ ರಜೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಎಲ್ಲಿದ್ದೀರಿ?’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಮ್ಮನ ಮನೆ ಜಗಲಿ ಮೇಲೆ.’

‘ಹೇಗೆ ಹೋದ್ರಿ?’

‘ನಾನೇ ಕಾರು ಓಡಿಸ್ಕೊಂಡು.’

ಇಲ್ಲಿ ಏನಾಯಿತು ನೋಡಿ. ‘ಕಾನ್ಫಿಡೆನ್ಸ್’ ಅನ್ನುವುದು ಕಣ್ಣಿಗೆ ಕಾಣದ ಮಾತು. ಅದು ಬಂತೋ ಇಲ್ಲವೋ ಅಂತ ಅಳೆಯಲು ಆಗುವುದಿಲ್ಲ. ಅಮ್ಮನ ಮನೆಯ ಜಗಲಿ ಕಣ್ಣಿಗೆ ಕಾಣುತ್ತದೆ. ಒಂದು ಶನಿವಾರ ಅಲ್ಲಿ ಕೂತಿದ್ದಾರೋ ಇಲ್ಲವೋ, ಯಾರು ಬೇಕಾದರೂ ಹೇಳಬಹುದು. ಈ ಜಗಲಿಯನ್ನು ಕೋಚ್ ತಂದು ಕೊಡಲಿಲ್ಲ. ಅದು ಇವರ ಒಳಗೇ ಇತ್ತು, ಯಾರೂ ಕೇಳಿರಲಿಲ್ಲ.

ಮುಂದಿನ ಪ್ರಶ್ನೆ: ‘ಕೊನೇ ಸಲ ಯಾವಾಗ ಓಡಿಸಿದ್ರಿ?’

‘ನಾಲ್ಕು ವರ್ಷ ಆಯ್ತು. ಇವ್ರು ಪಕ್ಕದಲ್ಲಿ ಕೂತಿದ್ರು. ಗೋಪಿ ಸರ್ಕಲ್ ಹತ್ರ ಗಾಡಿ ಆಫ್ ಆಯ್ತು. ಹಿಂದಿನಿಂದ ಎಲ್ಲ ಹಾರ್ನ್ ಹೊಡೆಯೋಕೆ ಶುರು ಮಾಡಿದ್ರು. ಇವ್ರು, ನಿನ್ ಕೈಲಿ ಆಗಲ್ಲ, ಇಳಿ ಅಂದ್ರು.’

‘ಆಮೇಲೆ?’

‘ಇಳಿದೆ. ಮತ್ತೆ ಆ ಸೀಟಲ್ಲಿ ಕೂತೇ ಇಲ್ಲ.’

ನಾಲ್ಕು ವರ್ಷದಿಂದ ‘ನನಗೆ ಡ್ರೈವಿಂಗ್ ಬರಲ್ಲ’ ಅಂದುಕೊಂಡು ಬಂದವರು ಇವರು. ಈಗ ಬಾಯಿ ಬಿಟ್ಟು ಹೇಳಿದ ಮೇಲೆ ಅವರಿಗೇ ಕಾಣುತ್ತದೆ: ಗಾಡಿ ಓಡಿಸುವುದನ್ನು ನಿಲ್ಲಿಸಿದ್ದು ಕೈಕಾಲಿನ ತೊಂದರೆಯಿಂದ ಅಲ್ಲ. ಕಿವಿಯೊಳಗೆ ಉಳಿದುಹೋದ ಒಂದು ಮಾತಿನಿಂದ.

ಈ ವಿಚಾರಕ್ಕೆ ಒಂದು ಹಿನ್ನೆಲೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಟೆನಿಸ್ ಕಲಿಸುತ್ತಿದ್ದ ಟಿಮೊಥಿ ಗಾಲ್ವೇ 1974ರಲ್ಲಿ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಎಂಬ ಪುಸ್ತಕ ಬರೆದರು. ತಾವು ‘ಕೈ ಹೀಗಿಡು, ಹಾಗಿಡು’ ಅಂದಷ್ಟೂ ಕಲಿಯುವವರು ಬಿಗಿಯಾಗುವುದನ್ನು ಅವರು ಗಮನಿಸಿದ್ದರು. ಹಾಗಾಗಿ ಅವರು ಕಲಿಸುವ ರೀತಿಯನ್ನೇ ಬದಲಿಸಿದರು. ಚೆಂಡು ನೆಲಕ್ಕೆ ಬಿದ್ದು ಪುಟಿದಾಗ ‘ಪುಟಿಯಿತು’ ಅನ್ನಿ, ಬ್ಯಾಟಿಗೆ ತಾಗಿದಾಗ ‘ಹೊಡೆದೆ’ ಅನ್ನಿ, ಬೇರೇನೂ ಯೋಚಿಸಬೇಡಿ ಎಂದರು. ಗಮನ ಚೆಂಡಿನ ಮೇಲೆ ಹೋದಾಗ ಒಳಗೆ ಬೈಯುವ ದನಿ ತಗ್ಗುತ್ತದೆ, ಮೈ ತಾನಾಗಿ ಕಲಿಯುತ್ತದೆ. ನಮ್ಮ ಕೈಲಿ ಎಷ್ಟು ಆಗುತ್ತದೋ ಅದರಿಂದ ಅಡ್ಡಿಗಳನ್ನು ಕಳೆದರೆ ಉಳಿಯುವುದೇ ನಾವು ಮಾಡಿ ತೋರಿಸುವುದು ಎಂಬುದು ಅವರ ಲೆಕ್ಕ. ಇಂದಿನ ಕೋಚಿಂಗ್‌ನ ಬೇರು ಇಲ್ಲಿದೆ. ಹೊಸದೇನನ್ನೋ ತುಂಬುವುದಕ್ಕಿಂತ ಮೊದಲು ಅಡ್ಡ ಇರುವುದನ್ನು ನೋಡುವುದು.

ಇದನ್ನು ಬ್ರಿಟನ್ನಿಗೆ ತಂದವರಲ್ಲಿ ಮುಖ್ಯರಾದವರು ಜಾನ್ ವಿಟ್ಮೋರ್. ಅವರು 1961ರಲ್ಲಿ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಶಿಪ್ ಗೆದ್ದಿದ್ದ ರೇಸ್ ಚಾಲಕ. ಅವರು ಮತ್ತು ಜೊತೆಯವರು 1980ರ ದಶಕದಲ್ಲಿ ರೂಪಿಸಿದ ‘ಗ್ರೋ’ ಎಂಬ ಕ್ರಮವನ್ನು ಇವತ್ತಿಗೂ ಬಹಳ ಕೋಚ್‌ಗಳು ಬಳಸುತ್ತಾರೆ. ಅದರಲ್ಲಿ ನಾಲ್ಕು ಹೆಜ್ಜೆ: ಎಲ್ಲಿಗೆ ಹೋಗಬೇಕು, ಈಗ ಎಲ್ಲಿದ್ದೇನೆ, ಯಾವ್ಯಾವ ದಾರಿ ಇದೆ, ಯಾವುದನ್ನು ಖಂಡಿತ ಮಾಡುತ್ತೇನೆ. ನಮ್ಮ ಉದಾಹರಣೆಯಲ್ಲಿ ಮೊದಲ ಎರಡು ಹೆಜ್ಜೆ ಆಗಲೇ ಮುಗಿದವು: ಜಗಲಿ ಮತ್ತು ಗೋಪಿ ಸರ್ಕಲ್.

ಕೋಚ್ ಎಂಬ ಪದವೂ ಗಾಡಿಯಿಂದಲೇ ಬಂದದ್ದು. ಹಂಗೆರಿಯಲ್ಲಿ ಕೋಚ್ ಎಂಬ ಹೆಸರಿನ ಊರಿದೆ. 15ನೇ ಶತಮಾನದಲ್ಲಿ ಅಲ್ಲಿ ತಯಾರಾಗುತ್ತಿದ್ದ ಕುದುರೆ ಗಾಡಿಗೆ ಊರಿನ ಹೆಸರೇ ಅಂಟಿಕೊಂಡಿತು. 19ನೇ ಶತಮಾನದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಪರೀಕ್ಷೆ ದಾಟಿಸುವ ಮೇಷ್ಟರನ್ನು ಕೋಚ್ ಎಂದು ಕರೆಯತೊಡಗಿದರು.

ಉಪದೇಶ ಯಾಕೆ ಕೆಲಸ ಮಾಡುವುದಿಲ್ಲ?

ಇವರ ಅಣ್ಣ ಹಿಂದೆಯೇ ಹೇಳಿದ್ದರು: ‘ಮತ್ತೆ ಡ್ರೈವಿಂಗ್ ಕ್ಲಾಸಿಗೆ ಸೇರ್ಕೊಳ್ಳೇ, ಹತ್ತು ದಿನದ ಕೆಲಸ.’ ಒಳ್ಳೆಯ ಸಲಹೆಯೇ. ಆದರೆ ಇವರು ಆವತ್ತು ಐದು ಕಾರಣ ಕೊಟ್ಟರು. ಆಫೀಸ್ ಇದೆ, ಬೆಳಿಗ್ಗೆ ತಿಂಡಿ ಮಾಡಬೇಕು, ಈ ವಯಸ್ಸಲ್ಲಿ ಯಾಕೆ, ಅತ್ತೆ ಏನಂತಾರೆ, ಟ್ರಾಫಿಕ್ ಜಾಸ್ತಿ. ಒಂದೊಂದು ಕಾರಣ ಹೇಳಿದಾಗಲೂ, ಆಗುವುದಿಲ್ಲ ಎಂಬ ನಂಬಿಕೆ ಅವರಲ್ಲೇ ಗಟ್ಟಿಯಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತದ ಸಮಸ್ಯೆ ಇರುವವರ ಜೊತೆ ಕೆಲಸ ಮಾಡುವಾಗ ಇದನ್ನೇ ಕಂಡರು. 1983ರಲ್ಲಿ ಅವರು ಬರೆದ ಲೇಖನದಿಂದ ‘ಮೋಟಿವೇಶನಲ್ ಇಂಟರ್‌ವ್ಯೂಯಿಂಗ್’ ಎಂಬ ಪದ್ಧತಿ ಶುರುವಾಯಿತು. ಆಮೇಲೆ ಸ್ಟೀಫನ್ ರಾಲ್ನಿಕ್ ಜೊತೆಗೂಡಿ ಅದನ್ನು ಬೆಳೆಸಿದರು. ಬದಲಾಗಬೇಕೋ ಬೇಡವೋ ಎಂದು ತೂಗಾಡುತ್ತಿರುವವರಿಗೆ ನೀವು ಒಂದು ಕಡೆಯಿಂದ ವಾದ ಮಾಡಿದರೆ, ಅವರು ಇನ್ನೊಂದು ಕಡೆಯಿಂದ ವಾದ ಮಾಡುತ್ತಾರೆ. ಬದಲಾವಣೆ ಯಾಕೆ ಬೇಕು ಎಂಬುದನ್ನು ಅವರ ಬಾಯಿಂದಲೇ ಬರುವಂತೆ ಕೇಳಿದರೆ ತಕ್ಕಡಿ ಈ ಕಡೆ ವಾಲುತ್ತದೆ. ಕೋಚಿಂಗ್ ಬೇರೆ, ಈ ಪದ್ಧತಿ ಬೇರೆ. ಆದರೆ ಪ್ರಶ್ನೆಗೆ ಯಾಕೆ ಅಷ್ಟು ಶಕ್ತಿ ಎಂಬುದು ಇದರಿಂದ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾಗಿ ಕೋಚ್ ಕೇಳುವುದು: ‘ಏನೇನು ಮಾಡಬಹುದು ಅನ್ಸುತ್ತೆ?’ ಒಂದು ಉತ್ತರ ಬರುತ್ತದೆ. ‘ಇನ್ನೇನು?’ ಮತ್ತೊಂದು. ‘ಇನ್ನೇನು?’ ಮೂರನೆಯದೋ ನಾಲ್ಕನೆಯದೋ ಬರುವಾಗ ಹೇಳುವವರಿಗೇ ಆಶ್ಚರ್ಯವಾಗುವಂಥದ್ದು ಹೊರಬರುತ್ತದೆ. ನಮ್ಮ ಮಹಿಳೆ ಹೇಳುತ್ತಾರೆ: ‘ಕ್ಲಾಸಿಗೆ ಹೋಗ್ಬಹುದು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುತ್ತೆ. ಮಗಳು ಬಂದಾಗ ಅವಳನ್ನ ಕೂರಿಸ್ಕೊಂಡು ಹೋಗ್ಬಹುದು. ಇವ್ರು ಪಕ್ಕದಲ್ಲಿ ಇಲ್ಲದಿದ್ರೆ ನಾನು ಓಡಿಸ್ತೀನಿ ಅನ್ಸುತ್ತೆ.’ ಕೊನೆಯ ವಾಕ್ಯ ಹೇಳಿ ಅವರೇ ಸುಮ್ಮನಾಗುತ್ತಾರೆ. ಡ್ರೈವಿಂಗ್ ಕ್ಲಾಸ್ ಮತ್ತೆ ಪಟ್ಟಿಗೆ ಬಂತು, ಆದರೆ ಈ ಸಲ ಅಣ್ಣನ ಮಾತಾಗಿ ಅಲ್ಲ.

ಮನೆಯವರ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. ಕೋಚಿಂಗ್ ಪುಸ್ತಕಗಳು ಹೆಚ್ಚಾಗಿ ಒಬ್ಬ ವ್ಯಕ್ತಿಯನ್ನು ಮಾತ್ರ ನೋಡುತ್ತವೆ: ನಿಮ್ಮ ಗುರಿ, ನಿಮ್ಮ ಆಯ್ಕೆ, ನಿಮ್ಮ ನಿರ್ಧಾರ. ನಮ್ಮ ಮನೆಗಳಲ್ಲಿ ಒಬ್ಬರು ಬದಲಾದರೆ ಉಳಿದವರ ದಿನಚರಿಯೂ ಅಲುಗಾಡುತ್ತದೆ. ಹೆಂಡತಿ ತಾನೇ ತವರಿಗೆ ಹೋಗಿಬಂದರೆ ಆ ಶನಿವಾರ ಅತ್ತೆಯ ಮಾತ್ರೆ ಯಾರು ಕೊಡುತ್ತಾರೆ? ‘ನಾನಿಲ್ಲದೆ ಇವಳಿಗೆ ಆಗುವುದಿಲ್ಲ’ ಎಂದುಕೊಂಡಿದ್ದ ಗಂಡನಿಗೆ ಏನನಿಸುತ್ತದೆ? ನನ್ನ ಪ್ರಕಾರ ಇಲ್ಲಿನ ಒಳ್ಳೆಯ ಕೋಚ್ ಯಾರೆಂದರೆ, ‘ಇದು ಆದ್ರೆ ಮನೇಲಿ ಯಾರಿಗೆ ಏನು ಬದಲಾಗುತ್ತೆ?’ ಎಂದು ಕೇಳುವವರು. ಆ ಪ್ರಶ್ನೆ ಕೇಳದೆ ಹಾಕಿದ ಯೋಜನೆ ಮೂರನೇ ವಾರಕ್ಕೆ ಅಡುಗೆಮನೆಯಲ್ಲೇ ನಿಂತುಹೋಗುತ್ತದೆ.

ಇವರು ಕೋಚ್ ಎದುರು ಒಂದು ಮಾತನ್ನು ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಾರೆ. ‘ರೀ, ನಾಲ್ಕು ವಾರ ನಾನು ಡ್ರೈವಿಂಗ್ ಸ್ಕೂಲಿನವರ ಜೊತೆ ಓಡಿಸ್ತೀನಿ. ಆಮೇಲೆ ನಾಲ್ಕು ವಾರ ಒಬ್ಬಳೇ. ಅದಾದ ಮೇಲೆ ನೀವು ಬನ್ನಿ, ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ.’ ಮೊದಲ ಸಲ ಹೇಳಿದಾಗ ದನಿ ಅರ್ಧಕ್ಕೇ ಇಳಿದುಹೋಗುತ್ತದೆ. ಐದನೇ ಸಲಕ್ಕೆ ನೇರವಾಗುತ್ತದೆ. ಇದು ಸಣ್ಣ ಕೆಲಸವಲ್ಲ. ಇಪ್ಪತ್ತು ವರ್ಷದಲ್ಲಿ ಹೇಳದ ಮಾತನ್ನು ಹೇಳಲು ಒಂದು ಜಾಗ ಬೇಕು.

ಕೆಲಸ ನಡೆಯುವುದು ನಡುವಿನ ದಿನಗಳಲ್ಲಿ

ಭೇಟಿಗಳು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ, ಮೂರರಿಂದ ಆರು ತಿಂಗಳು. ಈಗ ಬಹಳಷ್ಟು ವಿಡಿಯೋ ಕರೆಯಲ್ಲೇ ನಡೆಯುತ್ತವೆ. ಲೆಕ್ಕ ಹಾಕಿದರೆ ಎಲ್ಲ ಸೇರಿ ಹೆಚ್ಚೆಂದರೆ ಇಪ್ಪತ್ತೈದು ಗಂಟೆಯ ಆಸುಪಾಸು. ಅಷ್ಟರಲ್ಲಿ ಬದುಕು ಬದಲಾಗುವುದಿಲ್ಲ. ಬದಲಾಗುವುದು ಒಂದು ಭೇಟಿಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ. ಅದಕ್ಕೇ ಪ್ರತಿ ಭೇಟಿಯ ಕೊನೆಯ ಹತ್ತು ನಿಮಿಷಕ್ಕೆ ಅಷ್ಟು ಬೆಲೆ.

ಆಗ ಕೋಚ್ ‘ಪ್ರಯತ್ನ ಮಾಡ್ತೀನಿ’ ಎಂಬ ಮಾತಿಗೆ ತೃಪ್ತಿಪಡುವುದಿಲ್ಲ. ಯಾವಾಗ, ಎಲ್ಲಿ, ಯಾವುದಾದ ಮೇಲೆ ಎಂದು ಕೇಳುತ್ತಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ‘ಇಂಥದ್ದು ಆದಾಗ, ನಾನು ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತು ಮಾಡಿಕೊಂಡವರು, ಬರೀ ಸಂಕಲ್ಪ ಮಾಡಿದವರಿಗಿಂತ ಜಾಸ್ತಿ ಸಾಧಿಸುತ್ತಾರೆ. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಇದೇ ಕಂಡಿತು. ಕಾರಣ ಸರಳ. ಆ ಹೊತ್ತು ಬಂದಾಗ ಮಾಡಲೋ ಬೇಡವೋ ಎಂದು ಮನಸ್ಸು ಚರ್ಚೆಗೆ ಕೂರುವುದಿಲ್ಲ, ಅದು ಮೊದಲೇ ತೀರ್ಮಾನವಾಗಿರುತ್ತದೆ.

ಹೀಗೆ ಇವರ ಚೀಟಿಯಲ್ಲಿ ಬರುವುದು: ‘ಭಾನುವಾರ ಹಾಲು ಕಾಯಿಸಿಟ್ಟ ಕೂಡಲೇ ಕೀ ತಗೊಂಡು ಇಳೀತೀನಿ. ವಿನೋಬನಗರದ 100 ಅಡಿ ರಸ್ತೆಯಲ್ಲಿ ಎರಡು ಸುತ್ತು. ಗಾಡಿ ಆಫ್ ಆದ್ರೆ ಹ್ಯಾಂಡ್‌ಬ್ರೇಕ್ ಹಾಕಿ, ಒಂದು ಉಸಿರು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡ್ತೀನಿ.’ ಕೊನೆಯ ಸಾಲನ್ನು ಗಮನಿಸಿ. ಎಡವುವ ಜಾಗಕ್ಕೂ ಮೊದಲೇ ಉತ್ತರ ಬರೆದಿಟ್ಟಿದ್ದಾರೆ. ಗಾಲ್ವೇ ಹೇಳಿದ ರೀತಿಯಲ್ಲೇ ಇನ್ನೊಂದು ಸಣ್ಣ ಕೆಲಸವೂ ಇದೆ: ಕ್ಲಚ್ ಬಿಡುವಾಗ ಗಾಡಿ ಯಾವ ಜಾಗದಲ್ಲಿ ಮುಂದಕ್ಕೆ ಎಳೆಯುತ್ತದೆ ಅಂತ ಬರೀ ಗಮನಿಸುವುದು. ಚೆನ್ನಾಗಿ ಓಡಿಸಿದೆನಾ ಇಲ್ಲವಾ ಎಂಬ ತೀರ್ಪು ಬೇಡ.

ಎಷ್ಟು ದಿನಕ್ಕೆ ರೂಢಿಯಾಗುತ್ತದೆ? 21 ದಿನ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ದಿನದಿನವೂ ಗಮನಿಸಿದರು. ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಆದರೆ ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಬೇಕು ಎಂದು ಲೆಕ್ಕ ಬಂತು. ಊಟ ಆದ ಮೇಲೆ ಒಂದು ಲೋಟ ನೀರು ಕುಡಿಯುವುದು ಬೇಗ ಕೂರುತ್ತದೆ, ವ್ಯಾಯಾಮಕ್ಕೆ ಹೆಚ್ಚು ದಿನ ಬೇಕು. ಅದೇ ಅಧ್ಯಯನದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ. ನಾವು ಒಂದು ದಿನ ತಪ್ಪಿದರೆ ‘ಎಲ್ಲಾ ಹೋಯ್ತು’ ಅಂದುಕೊಂಡು ಪೂರ್ತಿ ಬಿಟ್ಟುಬಿಡುತ್ತೇವೆ. ಮುಂದಿನ ಭೇಟಿ ಇದೆ ಎಂಬುದು ಆಗ ಆಸರೆಯಾಗುತ್ತದೆ. ಅಲ್ಲಿ ಬೈಯುವವರಿಲ್ಲ. ‘ಆ ಭಾನುವಾರ ಏನಾಯ್ತು?’ ಎಂದು ಕೇಳುವವರಿದ್ದಾರೆ.

ಹಾಗಾದರೆ ಕೋಚಿಂಗ್ ನಿಜಕ್ಕೂ ಫಲ ಕೊಡುತ್ತದೆಯೇ? 2000ದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಆಂಥನಿ ಗ್ರಾಂಟ್ ಇದಕ್ಕೆಂದೇ ಒಂದು ವಿಭಾಗ ಶುರು ಮಾಡಿದ ಮೇಲೆ ಸಂಶೋಧನೆ ಬೆಳೆಯಿತು. 2014ರಲ್ಲಿ ಆಮ್ಸ್ಟರ್‌ಡ್ಯಾಮ್‌ನ ಸಂಶೋಧಕರು 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಕೆಲಸದ ಗುಣಮಟ್ಟ, ನೆಮ್ಮದಿ, ಒತ್ತಡ ತಾಳುವ ಶಕ್ತಿ, ಗುರಿಯ ಕಡೆ ನಡೆಯುವುದು, ಎಲ್ಲದರಲ್ಲೂ ಒಳ್ಳೆಯ ಪರಿಣಾಮ ಕಂಡಿತು. ಆದರೆ ಅವು ಆಫೀಸು, ಕಂಪನಿಗಳ ಒಳಗಿನ ಕೋಚಿಂಗ್ ಬಗ್ಗೆ ನಡೆದ ಅಧ್ಯಯನಗಳು. ಆದ್ದರಿಂದ ಫಲ ಇದೆ ಎನ್ನಬಹುದು, ಪವಾಡ ಎನ್ನಲಾಗದು.

ಕೋಚ್ ಸಾಲದ ಜಾಗ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಸ್ಟೀರಿಂಗ್ ಹಿಡಿದ ಕೂಡಲೇ ಇವರ ಎದೆ ಹೊಡೆದುಕೊಂಡು, ಉಸಿರು ಸಿಕ್ಕಂತಾಗಿ, ರಾತ್ರಿಯೂ ಅದೇ ಕಂಡು ಎಚ್ಚರವಾಗುತ್ತಿದ್ದರೆ, ಅದು ಕೋಚ್ ನೋಡುವ ವಿಷಯ ಅಲ್ಲ. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಮೊದಲು ಹೋಗಬೇಕಾದ್ದು ಮನೋವೈದ್ಯರ ಹತ್ತಿರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ. ಸಾಯುವ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿರುವ ಮುಖ್ಯ ಕೇಂದ್ರ. ಚಿಕಿತ್ಸೆ ನಡೆಯುತ್ತಿರುವಾಗ ಜೊತೆಗೆ ಕೋಚ್ ಬೇಕೆನಿಸಿದರೆ ವೈದ್ಯರನ್ನು ಕೇಳಿ ಮುಂದುವರಿಯಿರಿ. ‘ಮಾತ್ರೆ ಬಿಟ್ಟುಬಿಡಿ, ಎಲ್ಲಾ ಮನಸ್ಸಲ್ಲಿದೆ’ ಎನ್ನುವ ಕೋಚ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಆರಿಸಿಕೊಳ್ಳುವಾಗ ಇನ್ನೊಂದು ವಿಷಯ ಗೊತ್ತಿರಬೇಕು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಕಾನೂನಿನ ಪ್ರಕಾರ ನೋಂದಣಿ ಬೇಕು. ಲೈಫ್ ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ಅಂಥ ಲೈಸೆನ್ಸ್ ಏನೂ ಬೇಕಿಲ್ಲ. ಹಾಗಾಗಿ ಪರೀಕ್ಷಿಸುವ ಕೆಲಸ ನಮ್ಮದೇ. 1995ರಲ್ಲಿ ಅಮೆರಿಕದ ಥಾಮಸ್ ಲಿಯೊನಾರ್ಡ್ ಶುರು ಮಾಡಿದ, ಈಗ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಹೆಸರಿನ ಸಂಸ್ಥೆ ಮೂರು ಹಂತದ ಮಾನ್ಯತೆ ಕೊಡುತ್ತದೆ. ಮೊದಲ ಹಂತಕ್ಕೆ ಕನಿಷ್ಠ 60 ಗಂಟೆ ತರಬೇತಿ ಮತ್ತು 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಎರಡನೆಯದಕ್ಕೆ 500 ಗಂಟೆ, ಮೂರನೆಯದಕ್ಕೆ 2,500 ಗಂಟೆ ಅನುಭವ. ಮಾನ್ಯತೆ ಇದ್ದ ಮಾತ್ರಕ್ಕೆ ನಿಮಗೆ ಹೊಂದುತ್ತಾರೆ ಅಂತಲ್ಲ, ಆದರೆ ಎರಡು ದಿನದ ವರ್ಕ್‌ಶಾಪ್ ಮುಗಿಸಿ ಬಂದವರಲ್ಲ ಎಂಬುದಾದರೂ ಗೊತ್ತಾಗುತ್ತದೆ.

ಶುಲ್ಕಕ್ಕೆ ಇಷ್ಟೇ ಎಂಬ ಲೆಕ್ಕ ಇಲ್ಲ. ಎಷ್ಟು ಭೇಟಿ, ಒಟ್ಟು ಎಷ್ಟು ರೂಪಾಯಿ, ನಡುವೆ ಬಿಟ್ಟರೆ ವಾಪಸ್ ಎಷ್ಟು, ಇವನ್ನು ಬರೆದು ಕೊಡಲು ಕೇಳಿ. ‘ಇವತ್ತೇ ಕಟ್ಟಿದರೆ ಅರ್ಧ ಬೆಲೆ’, ‘90 ದಿನದಲ್ಲಿ ಬದುಕು ಬದಲಾಗುವ ಗ್ಯಾರಂಟಿ’ ಎನ್ನುವವರು ಮಾರಾಟಕ್ಕೆ ಬಂದವರು. ಇನ್ನಿಬ್ಬರನ್ನು ಸೇರಿಸಿ ಎಂದರಂತೂ ಆ ಕಡೆ ತಿರುಗಿಯೂ ನೋಡಬೇಡಿ. ದುಡ್ಡಿನ ವಿಷಯದಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬೆಂಗಳೂರಿನ ಎಷ್ಟೋ ಕಂಪನಿಗಳು ತಾವೇ ದುಡ್ಡು ಕೊಟ್ಟು ನೌಕರರಿಗೆ ಕೋಚ್ ಗೊತ್ತು ಮಾಡುತ್ತವೆ. ಅಲ್ಲಿ ಒಂದೇ ಪ್ರಶ್ನೆಯನ್ನು ಮೊದಲೇ ಕೇಳಿಬಿಡಿ: ನಾನು ಹೇಳಿದ್ದರಲ್ಲಿ ಏನು ನನ್ನ ಮ್ಯಾನೇಜರ್‌ಗೆ ಹೋಗುತ್ತದೆ?

ಮತ್ತೆ ಭಾಷೆ. ನಿಮಗೆ ಕನ್ನಡದಲ್ಲೇ ಮನಸ್ಸು ತೆರೆದುಕೊಳ್ಳುವುದಾದರೆ ಕನ್ನಡ ಬರುವ ಕೋಚ್ ಹುಡುಕಿ. ‘ಲೋ ಸೆಲ್ಫ್ ಎಸ್ಟೀಮ್’ ಎಂದು ಹೇಳುವುದು ಸುಲಭ. ‘ನಿನ್ ಕೈಲಿ ಆಗಲ್ಲ, ಇಳಿ ಅಂದ್ರು’ ಎಂದು ಹೇಳುವಾಗಲೇ ಗಂಟಲು ಕಟ್ಟುವುದು, ಕೆಲಸ ಶುರುವಾಗುವುದೂ ಆಗಲೇ.

‘ಹಿಂದೆ ಗುರು ಇರಬೇಕು, ಮುಂದೆ ಗುರಿ ಇರಬೇಕು’ ಎನ್ನುತ್ತಾರೆ ನಮ್ಮಲ್ಲಿ. ಕೋಚ್‌ನನ್ನು ಆ ಗುರುವಿನ ಜಾಗದಲ್ಲಿ ಕೂರಿಸಬೇಡಿ. ಗುರುವಿನ ನಂಟು ಬದುಕಿನುದ್ದಕ್ಕೂ ಇರುತ್ತದೆ. ಕೋಚ್ ಜೊತೆಗಿನ ಕೆಲಸ ಮುಗಿಯಬೇಕು. ವರ್ಷಗಳು ಕಳೆದರೂ, ಅವರನ್ನು ಕೇಳದೆ ಏನೂ ಮಾಡಲು ಆಗುತ್ತಿಲ್ಲ ಅನಿಸಿದರೆ ಎಲ್ಲೋ ತಪ್ಪಾಗಿದೆ.

ನಮ್ಮ ಮಹಿಳೆಯ ವಿಷಯಕ್ಕೆ ಬಂದರೆ, ತೀರ್ಥಹಳ್ಳಿ ರಸ್ತೆಯಲ್ಲಿ ಅವರು ಒಂದೊಂದೇ ಮೆಟ್ಟಿಲು ಏರಿದಂತೆ ಹೋಗುತ್ತಾರೆ. ಮೊದಲು ಗಾಜನೂರು. ಆಮೇಲೆ ಸಕ್ರೆಬೈಲು. ಎರಡು ವಾರ ಮಳೆಯಿಂದ ತಪ್ಪುತ್ತದೆ, ಮತ್ತೆ ಶುರುವಾಗುತ್ತದೆ. ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಯವರೆಗೆ ಹೋಗಿ, ಟೀ ಕುಡಿದು ವಾಪಸ್ ಬರುತ್ತಾರೆ. ಐದನೇ ತಿಂಗಳ ಎರಡನೇ ಶನಿವಾರ ಅಮ್ಮನ ಮನೆಯ ಜಗಲಿ.

ಅದಾದ ಮೇಲೆ ಕೊನೆಯ ಭೇಟಿ. ‘ನಾನಿಲ್ಲದೆ ಮುಂದಿನ ಮೂರು ತಿಂಗಳು ಹೇಗೆ ನಡೆಯುತ್ತೆ?’ ಎಂದು ಕೋಚ್ ಕೇಳುತ್ತಾರೆ. ಇವರು ಹೇಳುತ್ತಾರೆ: ತಿಂಗಳಿಗೊಮ್ಮೆ ತವರು, ದೀಪಾವಳಿಗೆ ಅಮ್ಮನನ್ನು ಕರೆದುಕೊಂಡು ಬರುವುದು, ಆ ಶನಿವಾರಗಳಲ್ಲಿ ಅತ್ತೆಯ ಮಾತ್ರೆ ಇವರ ಯಜಮಾನರ ಪಾಲು. ಮುಂದಿನ ಭೇಟಿಯ ತಾರೀಖು ಗೊತ್ತು ಮಾಡದೆ ಇಬ್ಬರೂ ಫೋನ್ ಇಡುತ್ತಾರೆ.